ಗುರುವಾರದ ನಾಲ್ಕು ಯೂನಿಟ್ಟು

ಎಲ್ಲ ಫಜೀತಿಗೂ ಕಾರಣ, ಹನ್ನೊಂದು ಪುಟಗಳ ಒಂದು ಸರ್ಕಾರಿ ಸುತ್ತೋಲೆಯನ್ನು ಸೆಕ್ರೆಟರಿ ಎರಡನೇ ಪುಟದವರೆಗೆ ಓದಿದ್ದು. ಒಂದಕ್ಷರವನ್ನೂ ಓದದೆ ಎತ್ತಿಟ್ಟಿದ್ದರೂ ಬಚಾವಾಗುತ್ತಿದ್ದರು, ಪೂರ್ತಿ ಓದಿದ್ದರಂತೂ ಕೇಳುವುದೇ ಬೇಡ. ಅವರು ಎರಡೂ ಮಾಡಲಿಲ್ಲ.

ಸೆಕ್ರೆಟರಿ ಎಂದ ತಕ್ಷಣ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಮನುಷ್ಯ ವಿಮಾ ಕಚೇರಿಯಲ್ಲಿ ಗುಮಾಸ್ತ. ತಾನಿರುವ ಐದು ಮಹಡಿಯ ಕಟ್ಟಡದ ನಿವಾಸಿಗಳ ಸಂಘಕ್ಕೆ ಬೇರೆ ಯಾರೂ ಒಪ್ಪಲಿಲ್ಲವೆಂದು ಸೆಕ್ರೆಟರಿಯಾದವರು. ನಲ್ಲಿಯಲ್ಲಿ ನೀರು ಬಾರದ ದಿನ ಎಲ್ಲರೂ ಅವರ ಬಾಗಿಲು ಬಡಿಯುತ್ತಿದ್ದರು. ಬಂದ ದಿನ ಒಬ್ಬರೂ ಥ್ಯಾಂಕ್ಸ್ ಅನ್ನುತ್ತಿರಲಿಲ್ಲ.

ಸುತ್ತೋಲೆಯ ಮೊದಲ ಪುಟ ಪೂರ್ತಿ ಪ್ರಪಂಚದ ಸಮಾಚಾರ. ಹಿಮ ಕರಗುತ್ತಿದೆ, ಯಾವ ದೇಶದ ಸರ್ಕಾರ ಯಾವ ಇಸವಿಗೆ ಹೊಗೆ ಉಗುಳುವುದನ್ನು ನಿಲ್ಲಿಸುವುದಾಗಿ ಮಾತು ಕೊಟ್ಟಿದೆ, ಯಾರು ಗಾಳಿಯಂತ್ರಕ್ಕೆ ಸಹಾಯಧನ ಕೊಡುತ್ತಾರೆ, ಯಾರು ಕಲ್ಲಿದ್ದಲಿಗೆ ತೆರಿಗೆ ಹಾಕಿದ್ದಾರೆ, ಹೀಗೆ. ಎರಡನೇ ಪುಟದಲ್ಲಿ ವಿಷಯ ಅವರ ಕಟ್ಟಡಕ್ಕೆ ಬಂದಿತ್ತು. 'ಬರುವ ಗುರುವಾರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ತಮ್ಮ ಕಟ್ಟಡದ ವಿದ್ಯುತ್ ಬಳಕೆಯನ್ನು ಅಳೆಯಲಾಗುವುದು. ಬಳಕೆಯನ್ನು ಮೂರನೇ ಒಂದರಷ್ಟು ಇಳಿಸಿದ ಕಟ್ಟಡಗಳ ಚಾವಣಿಯ ಮೇಲೆ ಸರ್ಕಾರವೇ ಸೌರ ಫಲಕಗಳನ್ನು ಹಾಕಿಸಿಕೊಡುವುದು. ಅದರಿಂದ ಅಂಗಳದ ದೀಪ, ನೀರಿನ ಪಂಪು ಮತ್ತು ಲಿಫ್ಟನ್ನು ನಡೆಸಬಹುದು.'

ಲಿಫ್ಟ್! ಆ ಪದ ಕಂಡದ್ದೇ ತಡ, ಸೆಕ್ರೆಟರಿ ಸುತ್ತೋಲೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಕುಣಿಯುವುದೊಂದು ಬಾಕಿ.

ಅವರ ಸಂಕಟ ಅವರಿಗೇ ಗೊತ್ತು. ಹತ್ತು ವಾರದ ಹಿಂದೆ ಅವರ ಅಕ್ಕ, ನಿವೃತ್ತ ಹೆಡ್‌ಮಿಸ್, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಲಿಫ್ಟಿನಲ್ಲಿ ಐದನೇ ಮಹಡಿಗೆ ಬಂದರು. ಮೂರನೇ ದಿನ ಸಂಘದ ಸಭೆ ನಡೆಯಿತು. ನೆಲಮಹಡಿಯ ಹಲ್ಲಿನ ಡಾಕ್ಟರು, "ನಾನು ನೆಲದ ಮೇಲಿರೋನು. ಲಿಫ್ಟಿನ ಕರೆಂಟ್ ಬಿಲ್ಲಿಗೆ ನಾನ್ಯಾಕೆ ಕೊಡ್ಲಿ?" ಎಂದರು. ಸಭೆ ಸೇರಲು ಸಾಕಷ್ಟು ಕುರ್ಚಿಗಳಿದ್ದದ್ದು ಅವರ ಕ್ಲಿನಿಕ್ಕಿನಲ್ಲಿ ಮಾತ್ರ, ಹಾಗಾಗಿ ಸಂಘದ ಅಧ್ಯಕ್ಷರೂ ಅವರೇ. ಒಂದನೇ ಮಹಡಿಯವರು ತಲೆಯಾಡಿಸಿದರು, ಎರಡನೆಯವರು ನಡೆದರೆ ಆರೋಗ್ಯ ಎಂದರು. ನಾಲ್ಕನೇ ದಿನ ಡಾಕ್ಟರು ಚಾವಣಿಯ ಲಿಫ್ಟ್ ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಜೇಬಿಗಿಳಿಸಿದರು, ಲಿಫ್ಟ್ ನಿಂತಿತು. ಅಕ್ಕನ ಮಂಡಿಗಳು ಮೆಟ್ಟಿಲನ್ನು ನೋಡಿದರೇ ಊದಿಕೊಳ್ಳುವಂಥವು. ಒಮ್ಮೆ ನಾಲ್ವರು ಕುರ್ಚಿಯಲ್ಲಿ ಕೂರಿಸಿ ಇಳಿಸಲು ಹೋಗಿ, ಐದು ಮೆಟ್ಟಿಲು ಇಳಿಯುವಷ್ಟರಲ್ಲಿ ಕುರ್ಚಿಯ ಕಾಲು ಕಳಚಿತು. ಆಮೇಲೆ ಅಕ್ಕ, "ಲಿಫ್ಟಲ್ಲಿ ಬಂದಿದ್ದೀನಿ, ಲಿಫ್ಟಲ್ಲೇ ಹೋಗ್ತೀನಿ" ಎಂದು ಸೆಕ್ರೆಟರಿಯ ಮಂಚದ ಮೇಲೆ ಕಾಲು ಚಾಚಿದರು. ಅಂದಿನಿಂದ ಸೆಕ್ರೆಟರಿಯ ಹೆಂಡತಿ ಮಲಗುವುದು ಅಕ್ಕನ ಪಕ್ಕ, ಸೆಕ್ರೆಟರಿ ಮಲಗುವುದು ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ. ಹಾಳಾದ್ದು ಗಂಟೆಗೊಮ್ಮೆ ನಡುಗುತ್ತಿತ್ತು, ಜೊತೆಗೆ ಅವರೂ ನಡುಗುತ್ತಿದ್ದರು.

ಹೀಗಿರುವಾಗ ಗುರುವಾರ ಬಂತು.

ಬೆಳಿಗ್ಗೆ ಆರಕ್ಕೆ ವಿದ್ಯುತ್ ಇಲಾಖೆಯ ಮೀಟರ್ ಮೇಡಂ ಸ್ಕೂಟರಿನಲ್ಲಿ ಬಂದು, ಕಟ್ಟಡದ ಮುಖ್ಯ ಮೀಟರಿನ ಅಂಕಿ ಬರೆದುಕೊಂಡು, ಹೆಲ್ಮೆಟ್ ಕೂಡ ತೆಗೆಯದೆ ಹೊರಟರು.

"ಸಂಜೆ ಬರ್ತೀನಿ ಸಾರ್. ನನಗಿನ್ನೂ ಹನ್ನೆರಡು ಕಟ್ಟಡ ಇದೆ. ನೀವು ದಿನಾ ಹೇಗಿರ್ತೀರೋ ಹಾಗೇ ಇರಿ."

"ನೋಡ್ತಾ ಇರಿ ಮೇಡಂ, ಇವತ್ತು ನಮ್ಮ ಕಟ್ಟಡದ ಪ್ರತಾಪ!" ಎಂದರು ಸೆಕ್ರೆಟರಿ. ದಿನಾ ಇರುವ ಹಾಗೆ ಇರಿ ಎಂದದ್ದು ಇಲಾಖೆಯವರ ಸೌಜನ್ಯ ಎಂದುಕೊಂಡರು.

ಮೂರನೇ ಒಂದರಷ್ಟು ಇಳಿಸಿದರೆ ಸಾಕಿತ್ತು. ಆದರೆ ಕೈಗೆ ಬಂದದ್ದು ತಪ್ಪಿಹೋದೀತೆಂಬ ಭಯಕ್ಕೆ ಸೆಕ್ರೆಟರಿ ಪೂರ್ತಿ ಇಳಿಸಲು ಹೊರಟರು. ಕಚೇರಿಗೆ ರಜೆ ಹಾಕಿದ್ದರು. ಭಾನುವಾರವೇ ಮನೆಮನೆಗೆ ಹೋಗಿ ಒಪ್ಪಿಸಿದ್ದರು. ಬಿಟ್ಟಿ ಕರೆಂಟು ಎಂದ ಮೇಲೆ ಎಲ್ಲರೂ ಹೂಂಗುಟ್ಟಿದ್ದರು. ಹತ್ತು ಗಂಟೆಗೆ ಮೊದಲ ಕೂಗು ನೆಲಮಹಡಿಯಿಂದ ಬಂತು.

"ಸೆಕ್ರೆಟರೀ! ಇಲ್ಲಿ ಬನ್ರೀ!"

ಐದು ಮಹಡಿ ಇಳಿದು ಹೋದರೆ, ಡಾಕ್ಟರ ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದುಕೊಂಡು ಮಲಗಿದ್ದಾರೆ. ಹಲ್ಲು ಅರ್ಧ ಕೊರೆದಾಗಿದೆ. ಅಷ್ಟರಲ್ಲಿ ಎರಡನೇ ಮಹಡಿಯ ಉತ್ಸಾಹಿಯೊಬ್ಬರು ಕ್ಲಿನಿಕ್ಕಿನ ಮೇನ್ ಸ್ವಿಚ್ ಆರಿಸಿಬಿಟ್ಟಿದ್ದಾರೆ.

"ಮಿಕ್ಕರ್ಧ ಏನ್ರೀ ಮಾಡ್ಲಿ? ಉಗುರಲ್ಲಿ ಕೆರೀಲಾ?" ಎಂದರು ಡಾಕ್ಟರು.

"ಆ... ಆ..." ಎಂದರು ಹಲ್ಲಿನವರು.

"ಸಂಜೆ ಆರಕ್ಕೆ ಮುಂದುವರೆಸಿ ಡಾಕ್ಟ್ರೇ. ಅಲ್ಲೀವರೆಗೂ ಬೇಕಾದ್ರೆ ನಮ್ಮನೇಲಿ ಕೂತಿರ್ಲಿ."

ಹಲ್ಲಿನವರು ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು, ಇನ್ನೊಂದರಲ್ಲಿ ಸೆಕ್ರೆಟರಿಯ ಕಾಲರ್ ಹಿಡಿದುಕೊಂಡರು. ಕೊನೆಗೆ ಐದೇ ಐದು ನಿಮಿಷ ಕೊರೆಯಲು ಒಪ್ಪಂದವಾಯಿತು. ಸೆಕ್ರೆಟರಿ ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತರು. ತಮ್ಮ ಹಲ್ಲನ್ನೇ ಕೊರೆಯುತ್ತಿದ್ದಾರೇನೋ ಅನ್ನುವ ಹಾಗೆ ಅವರ ಮುಖ ಹಿಂಡಿಕೊಂಡಿತ್ತು.

ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಗಲಾಟೆ. ಅಲ್ಲಿನ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಹೆಂಡತಿ ಮಕ್ಕಳಿಗಿಂತ ಒಂದು ಕೈ ಹೆಚ್ಚಾಗಿ ಮೀನುಗಳು. ಗಾಜಿನ ತೊಟ್ಟಿಗೆ ಗಾಳಿ ಬಿಡುವ ಪಂಪು ಆರಿದ್ದರಿಂದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮ್ಯಾನೇಜರು ತೋಟಕ್ಕೆ ನೀರು ಹಾಯಿಸುವ ಪೈಪಿನ ಒಂದು ತುದಿಯನ್ನು ತೊಟ್ಟಿಯಲ್ಲಿಟ್ಟು, ಇನ್ನೊಂದು ತುದಿಯಿಂದ ಊದುತ್ತಿದ್ದರು. ಕಣ್ಣುಗಳು ಮೀನಿನ ಕಣ್ಣಿನಷ್ಟೇ ಹೊರಗೆ ಬಂದಿದ್ದವು.

"ನನ್ನ ಕೈಲಾಗಲ್ಲ ಇನ್ನು," ಎಂದು ಏದುಸಿರು ಬಿಟ್ಟು ಪೈಪನ್ನು ಸೆಕ್ರೆಟರಿಯ ಬಾಯಿಗೆ ತುರುಕಿದರು. "ಊದ್ರೀ! ಒಂದು ಸತ್ರೂ ನಿಮ್ಮನ್ನ ಸುಮ್ನೆ ಬಿಡಲ್ಲ!"

ಸೆಕ್ರೆಟರಿ ಊದಿದರು. ಮುಕ್ಕಾಲು ಗಂಟೆ ಊದಿದರು. ನಡುವೆ ಒಮ್ಮೆ ಉಸಿರು ಎಳೆದುಕೊಳ್ಳುವಾಗ ತಪ್ಪಿ ತೊಟ್ಟಿಯ ನೀರನ್ನೇ ಎಳೆದುಕೊಂಡರು. ಆಮೇಲೆ ಮ್ಯಾನೇಜರು ಮೀನುಗಳನ್ನು ಎರಡೆರಡು ಸಲ ಎಣಿಸಿ ನೋಡಿ, "ಸರಿ, ಎಲ್ಲಾ ಇವೆ" ಎಂದ ಮೇಲೆ ಬಿಡುಗಡೆ.

ನಾಲ್ಕು ಗಂಟೆಗೆ ಸೆಕ್ರೆಟರಿ ಮೀಟರಿನ ಮುಂದೆ ಬಂದು ಬಗ್ಗಿ ನೋಡಿದರು. ಕೆಂಪು ದೀಪ ಇನ್ನೂ ಮಿಟುಕುತ್ತಿದೆ! ಯಾರೋ ಕದ್ದು ಕರೆಂಟು ಉರಿಸುತ್ತಿದ್ದಾರೆ. ಯಾವ ಪಾಪಿ? ಒಂದನೇ ಮಹಡಿಯಿಂದ ಶುರು ಮಾಡಿ ಪ್ರತಿ ಮನೆಯ ಪ್ರತಿ ಪ್ಲಗ್ಗನ್ನೂ ಮುಟ್ಟಿ ನೋಡಿದರು. ಮಂಚದ ಕೆಳಗೆ ಬಗ್ಗಿದರು, ಬೀರು ತೆಗೆಸಿದರು. ನಾಲ್ಕನೇ ಮಹಡಿಯ ಅಜ್ಜಿ, "ನನ್ನ ಹತ್ರ ಇರೋದು ಬ್ಯಾಟರಿ ಟಾರ್ಚು ಕಣಪ್ಪ, ಅದನ್ನೂ ಕಿತ್ಕೋತೀಯಾ?" ಎಂದು ಅತ್ತರು. ಎಲ್ಲೂ ಸಿಗಲಿಲ್ಲ. ಉಳಿದದ್ದು ಒಂದೇ ಮನೆ, ಅವರದೇ.

ಒಳಗೆ ಹೋಗಿ ನೋಡಿದರೆ ಅಕ್ಕ ಹೊದ್ದುಕೊಂಡು ಮಲಗಿದ್ದಾರೆ. ಹೊದಿಕೆಯ ಕೆಳಗಿನಿಂದ ಒಂದು ವೈರು ಗೋಡೆಯ ಕಡೆಗೆ ಹೋಗಿದೆ. ಮಂಡಿಗೆ ಶಾಖ ಕೊಡುವ ಪಟ್ಟಿ.

"ಅಕ್ಕಾ! ನೀನೇನಾ?"

"ನೋವು ತಡಿಯಕ್ಕಾಗ್ಲಿಲ್ವೋ."

"ಇವತ್ತೊಂದು ದಿನ ತಡ್ಕೊಳೇ. ಇದೆಲ್ಲಾ ಮಾಡ್ತಿರೋದು ನಿನ್ನ ಕೆಳಗಿಳಿಸೋಕೇ ತಾನೇ?"

ಅಕ್ಕ ಎದ್ದು ಕೂತರು. ಇಡೀ ಶಾಲೆಯನ್ನೇ ಗದರಿಸಿದ ಗಂಟಲು ಸಣ್ಣದಾಗಿತ್ತು.

"ನಂಗೇನು ನಿನ್ನ ಮಂಚದ ಮೇಲೆ ಬಿದ್ದಿರೋಕೆ ಆಸೆ ಅಂದ್ಕೊಂಡ್ಯಾ? ನನ್ನ ಮನೆ, ನನ್ನ ಬಾಗಿಲು, ನನ್ನ ಹಾಸಿಗೆ ನೋಡಿ ಎರಡೂವರೆ ತಿಂಗಳಾಯ್ತು. ರಸ್ತೇಲಿ ಹೋಗೋರ ತಲೆ ಬಿಟ್ಟು ಮುಖ ನೋಡಿಲ್ಲ ನಾನು."

ಸೆಕ್ರೆಟರಿ ಪ್ಲಗ್ ಕಿತ್ತರು. ಅಕ್ಕನ ಪಾದವನ್ನು ಒಂದು ನಿಮಿಷ ಒತ್ತಿ, ಮತ್ತೆ ಕೆಳಗೆ ಓಡಿದರು. ಕೆಂಪು ದೀಪ ನಿಂತಿತ್ತು. ಅವರಿಗೆ ಯುದ್ಧ ಗೆದ್ದಷ್ಟು ಸಂತೋಷವಾಯಿತು.

ಐದೂವರೆಗೆ ಮೀಟರ್ ಮೇಡಂ ಸ್ವಲ್ಪ ಮುಂಚೆಯೇ ಬಂದರು. ಮೀಟರ್ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ನಾಲ್ಕು ಯೂನಿಟ್ಟಾ? ಸಾರ್, ಈ ಕಟ್ಟಡದಲ್ಲಿ ಜನ ಇದ್ದಾರೆ ತಾನೇ?"

"ಮಾಮೂಲಿ ದಿನ ಅರವತ್ತಾಗುತ್ತೆ ಮೇಡಂ!" ಸೆಕ್ರೆಟರಿ ಎದೆಯುಬ್ಬಿಸಿದರು. "ನೀವು ಮೂರನೇ ಒಂದು ಭಾಗ ಇಳಿಸಿ ಅಂದ್ರಿ. ನಾವು ಹೆಚ್ಚುಕಮ್ಮಿ ಪೂರ್ತಿ ಇಳಿಸಿದ್ವಿ."

ಮೇಡಂ ಅವರನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. "ಇಳಿಸಬೇಕಾಗಿದ್ದು ಇವತ್ತಲ್ಲ ಸಾರ್. ಇವತ್ತು ನೀವು ದಿನಾ ಎಷ್ಟು ಉರಿಸ್ತೀರಾ ಅಂತ ನೋಡೋ ದಿನ. ಇವತ್ತಿನ ಲೆಕ್ಕದಿಂದ ಮೂರನೇ ಒಂದು ಭಾಗ ಇಳಿಸಬೇಕು, ನಾಳೆಯಿಂದ, ಒಂದು ವರ್ಷ. ಐದನೇ ಪುಟದಲ್ಲಿದೆಯಲ್ಲ?"

ಸೆಕ್ರೆಟರಿ ಬೆರಳು ಮಡಚಿ ಲೆಕ್ಕ ಹಾಕಿದರು. ನಾಲ್ಕರಲ್ಲಿ ಮೂರನೇ ಒಂದು ಭಾಗ ಇಳಿಸಬೇಕು! ವರ್ಷಪೂರ್ತಿ ಇಡೀ ಕಟ್ಟಡ ಕತ್ತಲಲ್ಲಿ ಕೂತು ಮೀನಿಗೆ ಊದಿದರೂ ಸಾಲದು.

"ಇನ್ನೆಷ್ಟು ಹೊತ್ತಿದೆ?"

"ಇಪ್ಪತ್ತೆಂಟು ನಿಮಿಷ."

"ಹಾಕೀ! ಎಲ್ಲಾ ಹಾಕೀ!" ಎಂದು ಕಿರುಚುತ್ತ ಸೆಕ್ರೆಟರಿ ಎರಡೆರಡು ಮೆಟ್ಟಿಲು ಹಾರಿದರು. "ಗೀಸರ್ ಹಾಕಿ, ಇಸ್ತ್ರಿಪೆಟ್ಟಿಗೆ ಹಾಕಿ, ಫ್ಯಾನು, ಮಿಕ್ಸಿ, ಏನಿದ್ಯೋ ಎಲ್ಲಾ ಹಾಕ್ರೀ!"

ಯಾರೂ ಹಾಕಲಿಲ್ಲ. ಬೆಳಿಗ್ಗೆಯಿಂದ ಆರಿಸಿ ಆರಿಸಿ ಎಂದು ಪ್ರಾಣ ತಿಂದವರು ಈಗ ಹಾಕಿ ಅನ್ನುತ್ತಿದ್ದಾರೆಂದರೆ?

"ನಮ್ಮನ್ನ ಪರೀಕ್ಷೆ ಮಾಡ್ತಿದ್ದಾರೆ. ಹಾಕಿದ್ರೆ ಸಿಕ್ಕಿಬೀಳ್ತೀವಿ," ಎಂದರು ಒಂದನೇ ಮಹಡಿಯವರು.

"ತಲೆ ಕೆಟ್ಟಿದೆ ಪಾಪ, ಊಟ ಮಾಡಿಲ್ಲ," ಎಂದರು ಎರಡನೆಯವರು.

ಸೆಕ್ರೆಟರಿ ಆಣೆ ಹಾಕಿದರು, ಕೈ ಮುಗಿದರು, ಕೊನೆಗೆ ಮೂರನೇ ಮಹಡಿಯ ಬಾಗಿಲಲ್ಲಿ ಕುಕ್ಕರಿಸಿದರು. ಮ್ಯಾನೇಜರಿಗೆ ಮಾತ್ರ ಕಾರಣ ಬೇಕಿರಲಿಲ್ಲ, ಅಪ್ಪಣೆಯಾದರೆ ಸಾಕಿತ್ತು. ಪಂಪು ಹಾಕಿದರು. ಅದರ ಗುಳುಗುಳು ಕೇಳಿ ಪಕ್ಕದ ಮನೆಯವರು ಗೀಸರ್ ಹಾಕಿದರು. ಅಷ್ಟೇ, ಇಡೀ ದಿನ ಕೈ ಕಟ್ಟಿ ಕೂತಿದ್ದ ಜನ ಮೈಮೇಲೆ ಬಂದವರಂತೆ ಸ್ವಿಚ್ಚುಗಳ ಮೇಲೆ ಬಿದ್ದರು. ನಾಲ್ಕನೇ ಮಹಡಿಯಲ್ಲಿ ಮೂರು ಇಸ್ತ್ರಿಪೆಟ್ಟಿಗೆಗಳು ಬಟ್ಟೆಯೇ ಇಲ್ಲದೆ ನಿಂತಲ್ಲೇ ಬಿಸಿಯಾದವು.

ಎಲ್ಲಕ್ಕಿಂತ ಹೆಚ್ಚು ಕರೆಂಟು ಎಳೆಯುವುದು ಯಾವುದೆಂದು ಸೆಕ್ರೆಟರಿಗೆ ಹೊಳೆದದ್ದು ಆಗ. ಚಾವಣಿಗೆ ಓಡಿ, ಡಾಕ್ಟರ ಬೀಗವನ್ನು ಕಲ್ಲಿನಿಂದ ಒಡೆದು ಲಿಫ್ಟಿನ ಸ್ವಿಚ್ ಒತ್ತಿದರು. ಹತ್ತು ವಾರ ಸತ್ತಂತಿದ್ದ ಲಿಫ್ಟು ಗೊರಗೊರ ಎಂದು ಐದನೇ ಮಹಡಿಗೆ ಬಂದು ನಿಂತಿತು.

ಸದ್ದು ಕೇಳಿ ಅಕ್ಕ ಬಾಗಿಲಿಗೆ ಬಂದೇಬಿಟ್ಟರು. ಕೈಯಲ್ಲಿ ಬ್ಯಾಗು.

"ನಡಿಯೋ, ನಡಿಯೋ, ಅದು ಮನಸ್ಸು ಬದಲಾಯಿಸೋ ಮುಂಚೆ!"

ಸೆಕ್ರೆಟರಿಯ ಕಣ್ಣಲ್ಲಿ ನೀರು ಬಂತು. ಅಕ್ಕನ ತೋಳು ಹಿಡಿದು ಒಳಗೆ ಹತ್ತಿಸಿ, ತಾವೂ ಹತ್ತಿ, ಕೆಳಗಿನ ಗುಂಡಿ ಒತ್ತಿದರು. ಲಿಫ್ಟು ಇಳಿಯತೊಡಗಿತು. ಒಂದಡಿ, ಎರಡಡಿ, ಮೂರಡಿ. ಅದೇ ಗಳಿಗೆಗೆ ಒಂದನೇ ಮಹಡಿಯವರಿಗೂ ನಂಬಿಕೆ ಬಂದು ಗೀಸರ್ ಹಾಕಿದರು.

ಢಬ್! ಕಟ್ಟಡದ ಮುಖ್ಯ ಫ್ಯೂಸು ಹಾರಿತು. ಲಿಫ್ಟು ನಿಂತಿತು.

ಕತ್ತಲಲ್ಲಿ ಕೆಳಗಿನಿಂದ ಮೇಡಂ ದನಿ ಕೇಳಿಸಿತು. "ಸಾರ್! ಆರೇ ಯೂನಿಟ್ಟಾಯ್ತು! ಆದ್ರೆ ಒಂದು ದಾರಿ ಇದೆ. ಇವತ್ತು ಮಾಮೂಲಿ ದಿನ ಅಲ್ಲ ಅಂತ ಕಾರಣ ಬರೆದು ಆರು ಗಂಟೆಯೊಳಗೆ ಸಹಿ ಮಾಡಿ ಕೊಟ್ರೆ, ಮುಂದಿನ ಗುರುವಾರ ಮತ್ತೆ ಅಳೀಬಹುದು. ಬೇಗ ಬನ್ನಿ!"

"ಎಲ್ಲಿಂದ ಬರ್ಲಿ ಮೇಡಂ! ನೇತಾಡ್ತಾ ಇದ್ದೀನಿ!"

"ನಾನು ಅಧ್ಯಕ್ಷ ಇದ್ದೀನಲ್ಲ, ನಾನೇ ಬರೆದುಕೊಡ್ಲಾ?" ಇದು ಡಾಕ್ಟರ ದನಿ.

"ಬರೀರಿ ಡಾಕ್ಟ್ರೇ, ಬರೀರಿ! ನಿಮ್ಮ ಹೊಟ್ಟೆ ತಣ್ಣಗಿರ್ಲಿ!"

ಮ್ಯಾನೇಜರೂ ಸೆಕ್ರೆಟರಿಯ ಹೆಂಡತಿಯೂ ಲಿಫ್ಟಿನ ಬಾಗಿಲನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ತೆಗೆಯುವಷ್ಟರಲ್ಲಿ ಆರೂಕಾಲು. ಲಿಫ್ಟಿಗೆ ಹತ್ತಿರವಿದ್ದದ್ದು ಐದನೇ ಮಹಡಿಯೇ. ಹಾಗಾಗಿ ಅಕ್ಕನನ್ನು ಬ್ಯಾಗಿನ ಸಮೇತ ಮತ್ತೆ ಮೇಲಕ್ಕೇ ಎಳೆದುಕೊಳ್ಳಬೇಕಾಯಿತು. ಸೆಕ್ರೆಟರಿಗೆ ಅದರ ಚಿಂತೆ ಇರಲಿಲ್ಲ. ಫ್ಯೂಸು ಹಾಕಿಸಿದರಾಯಿತು, ಮುಂದಿನ ಗುರುವಾರ ಇದೆ, ಬಿಸಿಲಿನ ಕರೆಂಟು ಬಂದೇ ಬರುತ್ತದೆ.

ಮೇಡಂ ಏದುಸಿರು ಬಿಡುತ್ತ ಐದು ಮಹಡಿ ಹತ್ತಿ ಬಂದು ಕಾಗದದ ಪ್ರತಿ ಕೊಟ್ಟರು.

"ಒಳ್ಳೇ ಸುದ್ದಿ ಸಾರ್. ಐದು ಐವತ್ತೆಂಟಕ್ಕೆ ಕೊಟ್ರು, ಅರ್ಜಿ ಒಪ್ಪಿದ್ದೀನಿ."

ಸೆಕ್ರೆಟರಿ ಈ ಸಲ ಪ್ರತಿ ಅಕ್ಷರವನ್ನೂ ಓದಿದರು. ಡಾಕ್ಟರ ಕೈಬರಹದಲ್ಲಿ ಒಂದೇ ಸಾಲಿತ್ತು. 'ಇಂದು ಮಾಮೂಲಿ ದಿನವಲ್ಲ, ಏಕೆಂದರೆ ನಾವು ಎಂದೂ ಬಳಸದ ಲಿಫ್ಟನ್ನು ಇಂದು ಬಳಸಲಾಯಿತು.'

"ಎಂದೂ ಬಳಸದ?"

"ಅಧ್ಯಕ್ಷರೇ ಬರೆದುಕೊಟ್ಟಿದ್ದಾರಲ್ಲ ಸಾರ್. ಬಳಸದ ಯಂತ್ರಕ್ಕೆ ಬಿಸಿಲಿನ ಕರೆಂಟ್ ಕೊಡೋ ಹಾಗಿಲ್ಲ. ಅದಕ್ಕೇ ಅದರ ಲೈನಿಗೆ ಕೆಳಗೇ ಸೀಲ್ ಹಾಕಿ ಬಂದೆ. ನೀವು ಯೋಚ್ನೆ ಮಾಡ್ಬೇಡಿ, ಅಂಗಳದ ದೀಪ ಗ್ಯಾರಂಟಿ."

ಸೆಕ್ರೆಟರಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಕೆಳಗೆ ಡಾಕ್ಟರು ಯಾರಿಗೋ, ತಾವು ಕಟ್ಟಡದ ಮಾನ ಉಳಿಸಿದ್ದನ್ನು ವಿವರಿಸುತ್ತಿದ್ದರು. ಅಕ್ಕ ಹಿಂದಿನಿಂದ ಬಂದು ತಮ್ಮನ ತಲೆ ಸವರಿದರು.

"ಹೋಗ್ಲಿ ಬಿಡೋ, ಅಳ್ಬೇಡ. ನಾಳೆಯಿಂದ ನಾನೇ ಅಭ್ಯಾಸ ಮಾಡ್ತೀನಿ. ಮೊದಲನೇ ದಿನ ಒಂದು ಮೆಟ್ಟಿಲು ಇಳಿದು ವಾಪಸ್ ಹತ್ತೋದು, ಎರಡನೇ ದಿನ ಎರಡು. ಒಟ್ಟು ಎಷ್ಟು ಮೆಟ್ಟಿಲಿದೆ?"

ಬೆಳಿಗ್ಗೆಯಿಂದ ಹತ್ತಿ ಇಳಿದ ಸೆಕ್ರೆಟರಿಗೆ ಅದು ಬಾಯಿಪಾಠವಾಗಿತ್ತು.

"ತೊಂಬತ್ತು."

"ನೋಡು ಮತ್ತೆ," ಎಂದು ಅಕ್ಕ ಮಂಚದ ಕಡೆ ತಿರುಗಿದರು. "ಮೂರೇ ತಿಂಗಳು."