ಎರಡನೆಯ ಕೋಣೆಗೆ ಹೋದ ಹೆಂಡತಿ

"ಇನ್ನು ಮುಂದೆ ಈ ಕಂಪ್ಯೂಟರಿನ ಪರದೆ ಮೇಲೆ ಸಾಸಿವೆ ಕಾಳಿನಷ್ಟೂ ಕಸ ಇರಕೂಡದು!" ಎಂದು ಅಳಿಯಂದಿರು ಗರ್ಜಿಸಿದಾಗ ಕೇಳಿಸಿಕೊಳ್ಳಲು ಇದ್ದವರು ಅತ್ತೆಯೊಬ್ಬರೇ. ಹೆಂಡತಿ ದೂರದ ಬೆಟ್ಟಗಳ ನಡುವೆ ಸೇತುವೆ ಕಟ್ಟಿಸಲು ಹೋಗಿದ್ದ ಇಂಜಿನಿಯರ್. ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವ ಅಳಿಯಂದಿರು ಊಟ ನಿದ್ದೆ ಬಿಟ್ಟು ಕ್ರಾಂತಿ ಮುಗಿಸಿದರು. ಪರದೆಯ ಮೇಲಿನ ಗುರುತುಗಳೆಲ್ಲ ಮಾಯ. ಮೌಸ್ ಅಟ್ಟ ಸೇರಿತು. ಇನ್ನು ಸಕಲವೂ ಕೀಲಿಮಣೆಯಿಂದಲೇ! ಪರದೆಯಲ್ಲಿ ತೆರೆದ ಕಿಟಕಿಗಳು ಒಂದರ ಮೇಲೊಂದು ಬೀಳುವಂತಿಲ್ಲ; ನೆಲಕ್ಕೆ ಹಾಸಿದ ಕಲ್ಲುಗಳ ಹಾಗೆ ಪಕ್ಕಪಕ್ಕದಲ್ಲೇ ಜಾಗ ಹಂಚಿಕೊಳ್ಳಬೇಕು. ಜಾಗ ಸಾಲದಿದ್ದರೆ ಯಾವುದನ್ನಾದರೂ 'ಎರಡನೆಯ ಕೋಣೆ'ಗೆ, ಅಂದರೆ ಕಣ್ಣಿಗೆ ಕಾಣದ ಇನ್ನೊಂದು ಪರದೆಗೆ, ಅಟ್ಟಬಹುದು. ಪರದೆ ತುಂಬ ನಗುತ್ತಿದ್ದ ಹೆಂಡತಿಯ ಫೋಟೋ ಕೂಡ ಹೋಗಿ ಬರೀ ಕಡುಗಪ್ಪು ಉಳಿಯಿತು.

"ನನ್ನ ಮಗಳ ಮುಖಕ್ಕೆ ಮಸಿ ಬಳಿದ್ರಲ್ಲ, ಅಳಿಯಂದ್ರೇ!"

"ಅದು ಮಸಿ ಅಲ್ಲ ಅತ್ತೆ, ಏಕಾಗ್ರತೆ!"

"ಒರೆಸೋಕೆ ಒದ್ದೆ ಬಟ್ಟೆ ತರ್ಲಾ?"

ಭಾನುವಾರ ಬಂತು. ಸೇತುವೆ ಕೆಲಸದವರೆಲ್ಲ ಅಲ್ಲಿನ ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ ಸರದಿಯ ಮೇಲೆ ಮನೆಯವರೊಂದಿಗೆ ಮಾತಾಡುವ ದಿನ ಅದು. ಸರದಿ ತಪ್ಪಿದರೆ ಮುಂದಿನ ವಾರವೇ ಗತಿ. ಅಳಿಯಂದಿರು ಬೆಳಿಗ್ಗೆಯೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದರು, ಪಕ್ಕದಲ್ಲೇ ಅತ್ತೆ. ಕೊನೆಗೂ ಪರದೆ ತುಂಬ ಅವಳ ಮುಖ! ಬಿಸಿಲಿಗೆ ಕಂದಿತ್ತು, ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ ಇತ್ತು. ಅಳಿಯಂದಿರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ರೀ, ರಜೆ ಸಿಗ್ತಿದೆ. ಬರ್ಲಾ, ಬೇರೆಯವರಿಗೆ ಬಿಟ್ಕೊಡ್ಲಾ? ಈಗ ಬೇಡ ಅಂದ್ರೆ ಸೇತುವೆ ಮುಗಿಯೋವರೆಗೂ ಇಲ್ಲ. ಇವತ್ತೇ ಹೇಳ್ಬೇಕು."

'ಬಾ' ಎಂಬ ಒಂದಕ್ಷರ ಗಂಟಲವರೆಗೆ ಬಂದಿತ್ತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ!

"ನಿನ್ನಿಷ್ಟ. ನೀನಿಲ್ಲ ಅಂತ ಇಲ್ಲೇನೂ ನಿಂತಿಲ್ಲ, ಎಲ್ಲ ಸುಸೂತ್ರ! ಮಾತಾಡ್ತಾ ಮಾತಾಡ್ತಾನೇ ಕರಡು ತೆಗೀತೀನಿ, ನನ್ನ ಕೈಚಳಕ ನೋಡು!"

ಒಂದು ಕೀಲಿ ಒತ್ತಿದರು. ಹೊಸ ಕಿಟಕಿ ತೆರೆದು ಹೆಂಡತಿ ಅರ್ಧವಾದಳು. ಇನ್ನೊಂದು ಒತ್ತಿದರು, ಅರ್ಧದಲ್ಲೂ ಅರ್ಧವಾದಳು. ಉದ್ದನೆಯ ಪಟ್ಟಿಯಲ್ಲಿ ಒಂದು ಕಣ್ಣು, ಮೂಗು, ಅರ್ಧ ತುಟಿ ಮಾತ್ರ ಉಳಿದವು.

"ಅಯ್ಯೋ, ನೋಡ್ತಾ ನೋಡ್ತಾ ಹುಡುಗಿ ಸೊರಗಿಹೋದ್ಲಲ್ಲ!"

"ಸೊರಗಿಲ್ಲ ಅತ್ತೆ, ಜಾಗ ಹಂಚ್ಕೊಂಡಿದ್ದಾಳೆ."

"ಕಟ್ಕೊಂಡ ಹೆಂಡ್ತಿಗೆ ಕಾಲು ಪಾಲಾ? ಮೊದ್ಲು ದೊಡ್ಡದು ಮಾಡಿ!"

ಅಳಿಯಂದಿರ ಬೆರಳುಗಳು ಗಾಬರಿಬಿದ್ದವು. ತಾವೇ ಮಾಡಿದ ಶಾಸನ ತಮಗೇ ಮರೆತುಹೋಯಿತು. ಒಂದು ಕೀಲಿಗೆ ಅವಳ ದನಿ ನಿಂತಿತು, ಇನ್ನೊಂದಕ್ಕೆ ಹೆಂಡತಿಯೇ ಮಾಯವಾದಳು! ಕರೆಯೇ ಕತ್ತರಿಸಿಹೋಯಿತು ಎಂದುಕೊಂಡು ಅವರು ತಲೆಯ ಮೇಲೆ ಕೈ ಹೊತ್ತರು.

"ಹೋದ್ಲು ಅತ್ತೆ! ರಜೆ ಬಿಟ್ಕೊಟ್ಟೇ ಬಿಡ್ತಾಳೆ. ಸುಸೂತ್ರವಂತೆ, ಸುಸೂತ್ರ! ಯಾವ ಸೂತ್ರ, ಎಲ್ಲ ಗಂಟು!"

"ಬಾ ಅನ್ನೋಕೆ ಬಾಯಿಗೆ ಬೀಗ ಹಾಕಿತ್ತಾ?"

"ಅವಳೆದುರು ಬಾಯೇ ಬರಲ್ಲ ಅತ್ತೆ. ಫೋಟೋ ತೆಗೆದಿದ್ದು ಏಕಾಗ್ರತೆಗಲ್ಲ. ನೋಡ್ತಾ ಕೂತ್ರೆ ಕರಡಿನ ಒಂದು ಸಾಲೂ ಮುಂದೆ ಹೋಗ್ತಿರ್ಲಿಲ್ಲ. ತೆಗೆದ್ಮೇಲೂ ಹೋಗ್ತಿಲ್ಲ. ಬೆಳಿಗ್ಗೆ ಎದ್ದು ಅವಳ ಲೋಟಕ್ಕೂ ಕಾಫಿ ಬಗ್ಗಿಸ್ತೀನಿ. ಆಮೇಲೆ ಅದನ್ನೂ ನಾನೇ ಕುಡೀತೀನಿ."

"ಅದಕ್ಕೇ ಪುಡಿ ಬೇಗ ಖಾಲಿ ಆಗ್ತಿರೋದು!" ಎಂದು ಅತ್ತೆ ಗದರಿದರು. ಅವರು ಕಣ್ಣೊರೆಸಿಕೊಳ್ಳುತ್ತ ಮೇಜಿಗೆ ಮೊಣಕೈ ಊರಿದರು. ಮೊಣಕೈ ಬಿದ್ದದ್ದು ಕೀಲಿಮಣೆಯ ಮೇಲೆ, ಒಟ್ಟಿಗೆ ನಾಲ್ಕಾರು ಕೀಲಿಗಳ ಮೇಲೆ!

ಎರಡನೆಯ ಕೋಣೆ ತೆರೆಯಿತು. ಅಲ್ಲಿ ಜಾಗ ಹಂಚಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಹೆಂಡತಿ ಪರದೆ ತುಂಬ ಕುಳಿತಿದ್ದಳು, ದನಿಸಮೇತ! ಅವಳು ಎಲ್ಲಿಗೂ ಹೋಗಿರಲಿಲ್ಲ. ಅವಳು ಇವರಿಗೆ ಕಾಣದಿದ್ದರೂ ಇವರು ಅವಳಿಗೆ ಕಾಣುತ್ತಲೇ ಇದ್ದರು. ಒಂದಕ್ಷರ ಬಿಡದೆ ಎಲ್ಲವನ್ನೂ ಕೇಳಿಸಿಕೊಂಡ ಅವಳ ಕಣ್ಣು ತುಂಬಿತ್ತು, ತುಟಿ ನಗು ತಡೆಯಲಾಗದೆ ನಡುಗುತ್ತಿತ್ತು.

ಅಳಿಯಂದಿರು ಇಸ್ತ್ರಿ ಅಂಗಿಯ ಕಾಲರಿನೊಳಗೆ ಮುಖ ಹುದುಗಿಸಲು ನೋಡಿದರು.

"ರಜೆ ತಗೊಳ್ತೀನಿ, ಬರ್ತೀನಿ," ಎಂದಳು ಅವಳು. "ಆದ್ರೆ ಒಂದು ಹೇಳಿ ರೀ. ಬಂದ್ಮೇಲೆ ನಿಮ್ಮೆದುರು ಕೂತ್ಕೊಳ್ಲಾ, ಇಲ್ಲ ನೀವು ಬಾಯಿ ಬಿಡ್ಬೇಕು ಅಂದ್ರೆ ಪಕ್ಕದ ಕೋಣೇಲೇ ಇರ್ಬೇಕಾ?"