ನೋಯದ ಸೂಜಿ

ನನ್ನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲದಿದ್ದರೂ ಕ್ಲಾಸಿನಲ್ಲಿ ಇದೆ ಎಂಬ ಭ್ರಮೆಯಲ್ಲೇ ಇಷ್ಟು ವರ್ಷ ಪಾಠ ಮಾಡಿದವನು ನಾನು. ಜಮಖಂಡಿಯ ನಮ್ಮ ಕಾಲೇಜಿನ ಎಂ.ಎ. ವಿದ್ಯಾರ್ಥಿಗಳಿಗೆ ಫ್ಲೂ ಲಸಿಕೆ ಹಾಕಿಸುವ ಹೊಣೆ ಹೆಗಲಿಗೆ ಬಿದ್ದಾಗ ಆ ಭ್ರಮೆಯೂ ಹರಿಯಿತು. ಹೋದ ವರ್ಷ ಪರೀಕ್ಷೆಯ ವಾರದಲ್ಲೇ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಜ್ವರದಿಂದ ಮಲಗಿ, ಎಷ್ಟೋ ಮಕ್ಕಳಿಗೆ ಪೇಪರು ತಪ್ಪಿತ್ತು. ಈ ಸಲ ಒಬ್ಬರಿಗೂ ಹಾಗಾಗಬಾರದೆಂದು ನನಗೆ ನಿಜವಾಗಿಯೂ ಹಟ ಹುಟ್ಟಿತ್ತು.

ನಮ್ಮ ಭಾಗದ ಜನ ಸೂಜಿಗೆ ಹೆದರುತ್ತಾರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಳಗಿಯ ನನ್ನ ಸೋದರಮಾವ, ಬರೀ ಗುಳಿಗೆ ಕೊಟ್ಟು ಕಳಿಸಿದ ಡಾಕ್ಟರ ಕಡೆಗೆ ಮತ್ತೆ ತಲೆ ಹಾಕಿಯೂ ಮಲಗಲಿಲ್ಲ. ಸೂಜಿ ಬೇಕು, ಅದೂ ಕುಂಟಿಕೊಂಡು ಮನೆಗೆ ಹೋಗುವಷ್ಟು ಜೋರಾಗಿರಬೇಕು. ಇದನ್ನೆಲ್ಲ ಮರೆತು ನಾನು ಮಹಾ ಜಾಣನಂತೆ ನೋಟೀಸು ಬೋರ್ಡಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿದೆ: ‘ಸ್ವಲ್ಪವೂ ನೋಯುವುದಿಲ್ಲ.’

ಹತ್ತು ಗಂಟೆಗೆ ನರ್ಸ್ ಶಾಂತಕ್ಕ ಐಸ್ ಡಬ್ಬಿ ಹಿಡಿದು ಬಂದು ಕೂತರು. ಹನ್ನೊಂದಾದರೂ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ವರಾಂಡದಲ್ಲಿ ಗುಂಪು ಕಟ್ಟಿ ನಿಂತವರಲ್ಲಿ ಬನಹಟ್ಟಿಯ ಸುಜಾತಾಳನ್ನು ಕರೆದು ಯಾಕೆಂದು ಕೇಳಿದೆ.

“ನೋಯೂದಿಲ್ಲ ಅಂದ್ರ ಅದೇನ್ ಸೂಜಿರೀ ಸರ್? ಬರೇ ನೀರ ಇರಬೇಕು ಅನ್ನಾಕತ್ತಾರ ಎಲ್ಲಾರೂ,” ಅಂದಳು.

ರೋಗನಿರೋಧಕ ಶಕ್ತಿಯ ಬಗ್ಗೆ ಅರ್ಧ ಗಂಟೆ ಕೊರೆದೆ. ನಾಲ್ವರು ಆಕಳಿಸಿದರು, ಇಬ್ಬರು ಚಹಾಕ್ಕೆ ಹೋದರು. ಆಗ ಮುಂದೆ ಬಂದವನು ಮುಧೋಳದ ಪೈಲವಾನ, ನನ್ನ ವಿದ್ಯಾರ್ಥಿ ಬಸು.

“ಹೋದ ವರ್ಷ ಜ್ವರದಾಗ ಪೇಪರೂ ಹೋತು, ಕುಸ್ತಿನೂ ಹೋತ್ರಿ. ಹಾಕ್ರಿ ನನಗ,” ಎಂದು ತೋಳು ಚಾಚಿ, ಅಖಾಡದಲ್ಲಿ ನಿಂತವನಂತೆ ಬಿಗಿ ಹಿಡಿದ. “ಸಡಿಲ ಬಿಡೋ ತಮ್ಮಾ,” ಎಂದು ಶಾಂತಕ್ಕ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಬಿಗಿದ ತೋಳಿಗೇ ಸೂಜಿ ಇಳಿಯಿತು.

“ಯಪ್ಪಾ! ಭಾಳ ಜೋರ ಐತ್ಲೇ!”

ಆ ಕೂಗು ಕ್ಯಾಂಟೀನಿನವರೆಗೆ ಕೇಳಿತು. ಐದೇ ನಿಮಿಷದಲ್ಲಿ ಸಾಲು ಮೆಟ್ಟಿಲಿಳಿದು ಗೇಟು ಮುಟ್ಟಿತು. “ಖರೆ ಔಷಧ ಐತಂತ, ಬಾರಲೇ!” ಎಂದು ಒಬ್ಬರನ್ನೊಬ್ಬರು ಎಳೆದು ತಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ತರಗತಿಯಲ್ಲಿ ಸೂಜಿ ಹಾಕಿಸಿಕೊಳ್ಳದವರು ಒಬ್ಬರೂ ಉಳಿಯಲಿಲ್ಲ. ಗೆದ್ದೆ! ಪ್ರಾಂಶುಪಾಲರು ಎಲ್ಲರೆದುರು ಕೈ ಕುಲುಕಿ, “ನಿಮ್ಮ ಮಾತಿನ ಶಕ್ತಿ ಅಂದ್ರ ಶಕ್ತಿರೀ,” ಅಂದರು. ನಾನೂ ಅಲ್ಲವೆನ್ನಲು ಹೋಗಲಿಲ್ಲ.

ಕೊನೆಗೆ ಶಾಂತಕ್ಕ ನನ್ನನ್ನೇ ಕೂರಿಸಿದರು. ಅವರ ಕೈ ಎಷ್ಟು ಹಗುರವೆಂದರೆ, ಸೂಜಿ ಹೋದದ್ದೂ ಬಂದದ್ದೂ ತಿಳಿಯಲಿಲ್ಲ.

“ಆತ್ರಿ ಸರ್.”

“ಆತಾ? ಔಷಧ ಖರೇನ ಒಳಗ ಹೋತೇನ್ರಿ?”

“ನೋಯಲಿ ಬಿಡಲಿ, ಎಲ್ಲಾರಿಗೂ ಹಾಕಿದ್ದು ಅದ ಔಷಧರೀ,” ಎಂದು ಅವರು ನಕ್ಕರು. ವಿದ್ಯಾವಂತನಂತೆ ತಲೆಯಾಡಿಸಿ ಎದ್ದೆ. ಮನೆ ಮುಟ್ಟುವವರೆಗೂ ತೋಳನ್ನು ಒತ್ತಿ ಒತ್ತಿ ನೋಡುತ್ತಲೇ ಇದ್ದೆ. ಸಂಜೆ ಸಣ್ಣಗೆ ನೋವು ಎದ್ದಿತು ನೋಡಿ, ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಖುಷಿಯಿಂದ ತೋರಿಸಿದೆ.