ಸ್ವಲ್ಪ ಲೈಟಾಗಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಪದ. ಅದನ್ನು ಆಡಿದವಳು ಪತ್ರಿಕಾ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಊರವರ ಪದಗಳನ್ನೆಲ್ಲ ತಿದ್ದುತ್ತ ಬಂದ ಪ್ರೂಫ್ ರೀಡರ್. ಯಾರೇ ಮಾತಾಡುತ್ತಿದ್ದರೂ ನಡುವೆ ತಡೆದು ತಪ್ಪು ಹಿಡಿಯುತ್ತಿದ್ದುದರಿಂದ ಸಹೋದ್ಯೋಗಿಗಳು ಅವಳನ್ನು ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು.

ಅಂದು ಅವಳ ಮದುವೆ. ರಿಜಿಸ್ಟ್ರಾರ್ ಕಚೇರಿಯಲ್ಲಿ, ಹನ್ನೊಂದೂವರೆಗೆ. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ರಿಜಿಸ್ಟ್ರಾರರಿಗೆ ಆರು ವಾರ ಬೇಸಿಗೆ ರಜೆ. ವರ ರೈಲಿನ ಎಂಜಿನ್ ಡ್ರೈವರ್. ಅವನಿಗೆ ಎರಡು ಕೋಣೆಯ ಕ್ವಾರ್ಟರ್ಸ್ ಮಂಜೂರಾಗಿತ್ತು. ವರನ ಮೇಲೆ ಅವಳಿಗೆ ಪ್ರೀತಿಯಿತ್ತು, ನಿಜ. ಆದರೆ ಕ್ವಾರ್ಟರ್ಸಿನ ಮೇಲಿದ್ದದ್ದು ಭಕ್ತಿ. ಹನ್ನೊಂದು ವರ್ಷದಿಂದ ಅವಳು ಬಿದ್ದುಕೊಂಡಿದ್ದದ್ದು ಸೋದರತ್ತೆಯ ಮನೆಯ ನಡುಕೋಣೆಯಲ್ಲಿ. ಆ ಕೋಣೆಗೆ ಬಾಗಿಲಿರಲಿಲ್ಲ. ಸೋದರತ್ತೆಯ ಬಾಯಿಗೂ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆ ಪಾರ್ಲರಿನವಳು ಮೇಸ್ತ್ರಿಯ ಹತಾರದ ಚೀಲದಷ್ಟು ದೊಡ್ಡ ಪೆಟ್ಟಿಗೆ ತೆರೆದು ಕೇಳಿದಳು: “ಹೇಗ್ ಮಾಡ್ಲಿ ಮೇಡಂ?”

“ಸ್ವಲ್ಪ ಲೈಟಾಗಿ,” ಎಂದು ಅಲ್ಪವಿರಾಮ ಕಣ್ಣು ಮುಚ್ಚಿದಳು.

ಮುಕ್ಕಾಲು ಗಂಟೆಯ ನಂತರ ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ಯಾರೋ ಇದ್ದರು. ಮುಖ ಹೊಸದಾಗಿ ಸುಣ್ಣ ಹೊಡೆದ ಆಸ್ಪತ್ರೆಯ ಗೋಡೆಯಂತಿತ್ತು. ಕುತ್ತಿಗೆಯಿಂದ ಕೆಳಗೆ ಮಾತ್ರ ಹಳೆಯ ಅಲ್ಪವಿರಾಮ.

“ಏನ್ರೀ ಇದು! ಲೈಟಾಗಿ ಅಂದಿದ್ದೆ ನಾನು!”

“ಇದಕ್ಕಿಂತ ಲೈಟ್ ಶೇಡ್ ಕಂಪನಿಯವ್ರೇ ಮಾಡಲ್ಲ ಮೇಡಂ.”

“ಲೈಟಾಗಿ ಅಂದ್ರೆ ತೆಳ್ಳಗೆ! ಬೆಳ್ಳಗೆ ಅಲ್ಲ! ತೆಳ್ಳಗೆಗೂ ಬೆಳ್ಳಗೆಗೂ ವ್ಯತ್ಯಾಸ ಗೊತ್ತಿಲ್ದೆ ಅಂಗಡಿ ಇಟ್ಟಿದೀರಲ್ಲ!”

ಪಾರ್ಲರಿನವಳ ಮೂಗಿನ ತುದಿ ಕೆಂಪಾಯಿತು. “ತೆಳ್ಳಗೆ,” ಎಂದು ಬಾಯಲ್ಲೇ ಉರು ಹೊಡೆದಳು.

ಅಷ್ಟರಲ್ಲಿ ಸೋದರತ್ತೆ ಬಂದು ಕೆನ್ನೆಗೆ ಕೈ ಹಚ್ಚಿ ನಿಂತರು. “ಅಯ್ಯೋ ನನ್ ಚಿನ್ನ! ಹುಟ್ಟಿದಾಗಿಂದ ನೀನು ಹೀಗಿದ್ದಿದ್ರೆ ಇಷ್ಟೊತ್ತಿಗೆ ಮೂರು ಮಕ್ಳಿರ್ತಿದ್ವು. ಮುಟ್ಬೇಡ, ಹಾಗೇ ಇರ್ಲಿ.”

“ತೊಳೀಬೇಕು ಅತ್ತೆ.”

“ತೊಳೆದ್ರೂ ಹೋಗಲ್ಲ, ವಾಟರ್‌ಪ್ರೂಫು,” ಎಂದು ಪಾರ್ಲರಿನವಳು ಪೆಟ್ಟಿಗೆ ಮುಚ್ಚಿ ಹೊರಟಳು.

ಕೆಳಮನೆಯ ಥರ್ಮಾಮೀಟರ್ ಮಾವ ಬಾಗಿಲಲ್ಲಿ ಇಣುಕಿದರು. ಹವಾಮಾನ ಕಚೇರಿಯಿಂದ ನಿವೃತ್ತರಾದರೂ ದಿನಕ್ಕೆ ನಾಲ್ಕು ಸಲ ಉಷ್ಣಾಂಶ ಘೋಷಿಸುವ ಚಟ ಬಿಟ್ಟಿರಲಿಲ್ಲ. “ಮೂವತ್ತೊಂದು ಡಿಗ್ರಿ,” ಎಂದವರು ವಧುವನ್ನು ಕಂಡು ಮೆಲ್ಲಗೆ ಕೇಳಿದರು: “ಈ ಹುಡ್ಗಿ ವರನ ಕಡೆಯವಳಾ?”

ಕಾರಿನಲ್ಲಿ ಅವಳು ಮಿಸುಕಾಡದೆ ಕುಳಿತಳು. ನಕ್ಕರೆ ಬಿರುಕು ಬಿಡುತ್ತಿತ್ತು, ನಗುವಂಥದ್ದು ಏನೂ ಇರಲಿಲ್ಲ. ಕಚೇರಿಯ ಮೆಟ್ಟಿಲಲ್ಲಿ ಕಾಯುತ್ತಿದ್ದ ವರ ಅವಳನ್ನು ದಾಟಿ ಹೋಗಿ ಸೋದರತ್ತೆಯನ್ನು ಕೇಳಿದ: “ಎಲ್ಲಿ ಅವಳು?”

“ಇಲ್ಲೇ ಇದೀನಿ,” ಎಂದಿತು ಗೋಡೆ.

ಒಳಗೆ ಗುಮಾಸ್ತ ಒಮ್ಮೆ ಅವಳ ಮುಖ, ಒಮ್ಮೆ ಅವಳ ಕೈ ನೋಡಿದ. “ಯಾವ್ದು ನಿಮ್ದು? ಇಲ್ಲಿ ಕ್ಯಾಮೆರಾ ಮುಖ ನೋಡಿ, ಗುರುತಿನ ಚೀಟಿ ಫೋಟೊ ಜೊತೆ ತಾಳೆ ಹಾಕತ್ತೆ. ಮೂರೇ ಅವಕಾಶ. ಬಣ್ಣ ಬಳ್ಕೊಂಡು ನಿಲ್ಲೋ ಹಾಗಿಲ್ಲ. ತೊಳ್ಕೊಂಡ್ ಬನ್ನಿ.”

ಸರ್ಕಾರದ ಬಾಯಿಂದ ಇಷ್ಟು ಒಳ್ಳೆಯ ಮಾತನ್ನು ಅಲ್ಪವಿರಾಮ ಕೇಳಿಯೇ ಇರಲಿಲ್ಲ. ಓಡಿದಳು. ಮೂರು ಸಲ ಸೋಪು ಹಾಕಿದರೂ ಸುಣ್ಣ ಜಗ್ಗಲಿಲ್ಲ. ಕೊನೆಗೆ ವರನೇ ತೋಳು ಮಡಚಿದ. “ಗ್ರೀಸು ತೆಗೆಯೋದು ನಂಗೆ ಬಿಡು,” ಎಂದು ಎದುರಿನ ಅಂಗಡಿಯಿಂದ ತಲೆಗೆ ಹಚ್ಚುವ ಎಣ್ಣೆ ತಂದು, ಪಿಸ್ಟನ್ ಒರೆಸುವ ಶ್ರದ್ಧೆಯಿಂದ ಇಪ್ಪತ್ತು ನಿಮಿಷ ಉಜ್ಜಿದ. ಹನ್ನೆರಡು ಹೊಡೆಯುವಾಗ ಅವಳ ಸ್ವಂತ ಮುಖ ಹೊರಬಂತು. ಸೋದರತ್ತೆ ಮಾತ್ರ ಸೂತಕದ ಮುಖ ಹೊತ್ತಿದ್ದರು.

ಅವಳು ಕ್ಯಾಮೆರಾದ ಮುಂದೆ ನೆಟ್ಟಗೆ ನಿಂತಳು.

‘ಮುಖ ತಾಳೆಯಾಗುತ್ತಿಲ್ಲ,’ ಎಂದಿತು ಯಂತ್ರ.

ಕೂದಲು ಹಿಂದೆ ಸರಿಸಿ ಮತ್ತೆ ನಿಂತಳು.

‘ಮುಖ ತಾಳೆಯಾಗುತ್ತಿಲ್ಲ.’

ಗುಮಾಸ್ತ ಪರದೆಯನ್ನು ಅವಳತ್ತ ತಿರುಗಿಸಿದ. “ಇದ್ಯಾರು ಹಾಗಾದ್ರೆ?”

ಪರದೆಯಲ್ಲಿ ಸುಣ್ಣದ ಗೋಡೆಯೊಂದು ಮುಗುಳ್ನಗುತ್ತಿತ್ತು. ಅಲ್ಪವಿರಾಮಳಿಗೆ ನೆನಪಾಯಿತು: ಆರು ವರ್ಷದ ಹಿಂದೆ ಚೀಟಿಗೆ ಫೋಟೊ ತೆಗೆಸುವಾಗ ಸ್ಟುಡಿಯೋದವನಿಗೂ ಅವಳೇ ಹೇಳಿದ್ದಳು, ಸ್ವಲ್ಪ ಲೈಟಾಗಿ ಟಚಪ್ ಮಾಡಿ ಎಂದು.

“ನಾನ್ ಹೇಳ್ಲಿಲ್ವಾ!” ಸೋದರತ್ತೆ ಎದ್ದು ನಿಂತರು. “ಮುಟ್ಬೇಡ ಅಂತ ಬಡ್ಕೊಂಡೆ! ಹಾಗೇ ಹೋಗಿದ್ರೆ ಇಷ್ಟೊತ್ತಿಗೆ ಎಲ್ಲಾ ಮುಗಿದಿರ್ತಿತ್ತು.” ಗುಮಾಸ್ತನೂ ಎರಡೂ ಕೈ ಚೆಲ್ಲಿದ: “ಬಣ್ಣ ಬಳ್ಕೊಂಡಾದ್ರೂ ಬನ್ನಿ, ಆಮೇಲೆ ನಾನೇನೂ ಕೇಳಲ್ಲ. ಇನ್ನೊಂದೇ ಅವಕಾಶ. ಅದೂ ತಪ್ಪಿದ್ರೆ ಯಂತ್ರ ಲಾಕ್ ಆಗತ್ತೆ, ಬೀಗ ತೆಗಿಯೋಕೆ ರಿಜಿಸ್ಟ್ರಾರೇ ರಜೆ ಮುಗಿಸಿ ಬರ್ಬೇಕು.”

ಪಾರ್ಲರಿನವಳಿಗೆ ಫೋನು ಹೋಯಿತು. ಅವಳು ಏದುಸಿರು ಬಿಡುತ್ತ ಬಂದಾಗ ಹನ್ನೆರಡೂ ಮುಕ್ಕಾಲು. ವರ ಬಾಗಿಲು ಮುಚ್ಚದಂತೆ ಜವಾನನ ಜೊತೆ ವಾದಕ್ಕಿಳಿದಿದ್ದ. ಸೋದರತ್ತೆ ತಾವು ಗೆದ್ದ ಕತೆಯನ್ನು ಹೊರಗೆ ಸಾಲಿನಲ್ಲಿದ್ದವರಿಗೆಲ್ಲ ಹಂಚುತ್ತಿದ್ದರು. ಥರ್ಮಾಮೀಟರ್ ಮಾವನ ದನಿ ಮೆಟ್ಟಿಲಿಂದ ಬಂತು: “ನಲ್ವತ್ತೊಂದು!”

“ಹೇಗ್ ಮಾಡ್ಲಿ ಮೇಡಂ?”

ಅಲ್ಪವಿರಾಮ ಗಡಿಯಾರ ನೋಡಿ ಕಣ್ಣು ಮುಚ್ಚಿದಳು. “ಲೈಟಾಗಿ! ಬೇಗ!”

“ಗೊತ್ತಾಯ್ತು ಬಿಡಿ,” ಎಂದಳು ಪಾರ್ಲರಿನವಳು. ಅವಳ ದನಿಯಲ್ಲಿ ಈ ಸಲ ಛಲವಿತ್ತು. ಬೆರಳುಗಳು ಹೂವಿನ ಮೇಲೆ ಆಡಿದಂತೆ ಆಡಿದವು. ಒಂದಕ್ಕೆ ಎರಡು ನಿಮಿಷವಿದ್ದಾಗ ಅಲ್ಪವಿರಾಮ ಕನ್ನಡಿಯನ್ನೂ ಕೇಳದೆ ಓಡಿಹೋಗಿ ಕ್ಯಾಮೆರಾದ ಎದುರು ನಿಂತಳು.

‘ಮುಖ ತಾಳೆಯಾಗುತ್ತಿಲ್ಲ. ಅವಕಾಶ ಮುಗಿದಿದೆ.’

ಗುಮಾಸ್ತ ಯಂತ್ರಕ್ಕೆ ಬಟ್ಟೆ ಹೊದಿಸಿದ. ವರ ಒಳಗೆ ಬಂದು ಅವಳ ಮುಖ ನೋಡಿ, ಮಡಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಬಿಚ್ಚಿಕೊಂಡ. “ನಡಿ ಮನೆಗೆ,” ಎಂದರು ಸೋದರತ್ತೆ.

ಪಾರ್ಲರಿನವಳು ಮಾತ್ರ ಹೆಮ್ಮೆಯಿಂದ ಮುಂದೆ ಬಂದು ಕನ್ನಡಿ ಹಿಡಿದಳು. ಅಲ್ಪವಿರಾಮ ಅಷ್ಟು ಚೆಂದವಾಗಿ, ಅಷ್ಟು ತನ್ನಂತೆಯೇ ಯಾವತ್ತೂ ಕಂಡಿರಲಿಲ್ಲ.

“ನೋಡಿ ಮೇಡಂ,” ಎಂದಳು ಅವಳು, “ತೆಳ್ಳಗೆ. ಒಂದ್ ಚೂರೂ ಬೆಳ್ಳಗಾಗಿಲ್ಲ.”